ನಡುನಾಡಿನ ಓದುಗ ಮತ್ತು ಒಡೆದ ಹಡಗು

ಭಟ್ಕಳದ ತೀರದಿಂದ ಪುಲಿಕಾಟ್ ಸರೋವರದ ಆಚೆಗಿನ ಬಂಗಾಳ ಕೊಲ್ಲಿಯವರೆಗೆ ನಕ್ಷೆಯ ಮೇಲೆ ಒಂದು ಗೆರೆ ಎಳೆದರೆ ಅದರ ಮಧ್ಯಬಿಂದು ಹೆಚ್ಚುಕಡಿಮೆ ಆಂಧ್ರಪ್ರದೇಶದ ಗಡಿಯೂರಾದ ಹಿಂದೂಪುರದ ಬಳಿಯಲ್ಲಿಯೇ ಬೀಳುತ್ತದೆ. ಪಡುವಣ ಕಡಲೂ ಮೂಡಣ ಕಡಲೂ ಈ ಊರಿನಿಂದ ಸುಮಾರು 300 ಕಿಲೋಮೀಟರ್ ದೂರದಲ್ಲಿವೆ. ವಾಯವ್ಯಕ್ಕಿರುವ ಕಲ್ಯಾಣದುರ್ಗದ ಸ್ಥಿತಿಯೂ ಬಹುಮಟ್ಟಿಗೆ ಇದೇ. ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನಷ್ಟು ಮಳೆ ಕಾಣುವ ಈ ಸೀಮೆಗೆ ಕಡಲಿನೊಡನೆ ಇರುವ ಕಣ್ಣಿಗೆ ಕಾಣುವ ನಂಟು ಪೆನ್ನಾರ್ ನದಿಯೊಂದೇ ಎನ್ನಬಹುದು. ನಂದಿ ಬೆಟ್ಟಗಳ ಸಾಲಿನಲ್ಲಿ ಹುಟ್ಟಿ, ಹಿಂದೂಪುರದ ಸೀಮೆಯನ್ನು ಹಾದು, ಸುಮಾರು 600 ಕಿಲೋಮೀಟರ್ ಹರಿದು ನೆಲ್ಲೂರಿನ ಆಚೆ ಸಮುದ್ರ ಸೇರುವ ಆ ನದಿಯೂ ವರ್ಷದ ಬಹುಪಾಲು ದಿನ ಮರಳಿನ ಹಾಸಾಗಿಯೇ ಇರುತ್ತದೆ. ಇಂಥ ನಾಡಿನ ಓದುಗ, ಹಡಗು ಒಡೆದು ಜನ ನೀರುಪಾಲಾಗುವ ಕವಿತೆಯೊಂದನ್ನು ಓದಿ ‘ಇದು ನನ್ನದು’ ಎಂದು ಹೇಳಿದರೆ ಆ ಮಾತಿಗೆ ವಿಮರ್ಶೆಯಲ್ಲಿ ಬೆಲೆಯಿದೆಯೇ, ಅಥವಾ ಅದು ಕಾಣದ್ದನ್ನು ಕಂಡಂತೆ ಭಾವಿಸಿಕೊಳ್ಳುವ ಬರಿಯ ಉದ್ವೇಗವೇ ಎಂಬ ಪ್ರಶ್ನೆ ಕಾವ್ಯದ ಓದಿಗೆ ಸಂಬಂಧಿಸಿದ ಒಂದು ಮೂಲಭೂತ ಪ್ರಶ್ನೆ.

ಈ ಪ್ರಶ್ನೆಯನ್ನು ಯಾರೂ ಹೊರಗಿನಿಂದ ತಂದು ಈ ನಾಡಿನ ಮೇಲೆ ಹೇರುತ್ತಿಲ್ಲ. ಹಿಂದೂಪುರದ ಉತ್ತರಕ್ಕೆ, ಕೂಗಳತೆಯಲ್ಲವಾದರೂ ಹತ್ತಿರದಲ್ಲೇ ಇರುವ ಪೆನುಗೊಂಡೆಯಲ್ಲಿ, ಶಾಂತೀಶ್ವರ ಬಸದಿಯಲ್ಲಿ ಕುಳಿತು ಭಾಸ್ಕರನೆಂಬ ಜೈನ ಕವಿ 1424ರಲ್ಲಿ ‘ಜೀವಂಧರ ಚರಿತೆ’ ಎಂಬ ಕನ್ನಡ ಕಾವ್ಯವನ್ನು ಮುಗಿಸಿದನು; ಆ ಕಥೆಯ ಒಂದು ಮುಖ್ಯ ತಿರುವೇ ಹಡಗು ಒಡೆಯುವ ಪ್ರಸಂಗ. ಪೆನುಗೊಂಡೆ ಆ ಕಾಲಕ್ಕೆ ವಿಜಯನಗರದ ಆಳ್ವಿಕೆಯಲ್ಲಿದ್ದ ಬಲವಾದ ದುರ್ಗವಾಗಿತ್ತು. ದೆಹಲಿ, ಕೊಲ್ಲಾಪುರ, ಜಿನಕಂಚಿಗಳ ಜೊತೆಗೆ ಜೈನರು ತಮ್ಮ ನಾಲ್ಕು ವಿದ್ಯಾಸ್ಥಾನಗಳಲ್ಲಿ ಒಂದೆಂದು ಎಣಿಸಿದ ಊರೂ ಅದೇ. ಆದ್ದರಿಂದ ಕಡಲಿನಿಂದ ಇಷ್ಟು ದೂರದ ಬೆಟ್ಟದ ಬುಡದಲ್ಲಿ ಕನ್ನಡದ ಕವಿಯೊಬ್ಬ ಬಿರುಗಾಳಿಯನ್ನೂ ಮುಳುಗುವ ನಾವೆಯನ್ನೂ ಕುರಿತು ಬರೆದದ್ದು ಇತಿಹಾಸದ ವಾಸ್ತವ. ಅದನ್ನು ಕೇಳಿದ ಮೊದಲ ಶ್ರಾವಕರಲ್ಲಿ ಹೆಚ್ಚಿನವರು ಕಡಲನ್ನು ನೋಡಿರಲಿಲ್ಲವೆಂದು ಊಹಿಸುವುದಕ್ಕೂ ಅಡ್ಡಿಯಿಲ್ಲ.

ಭಾಸ್ಕರನ ಕಾವ್ಯ ಷಟ್ಪದಿಯಲ್ಲಿದೆ. ಷಟ್ಪದಿಯೆಂದರೆ ಆರು ಸಾಲುಗಳ ಪದ್ಯ. ಮೂರನೆಯ ಮತ್ತು ಆರನೆಯ ಸಾಲುಗಳು ಉಳಿದವಕ್ಕಿಂತ ಉದ್ದವಾಗಿದ್ದು, ಕಥೆಯನ್ನು ಗಟ್ಟಿಯಾಗಿ ಓದಿ ಕೇಳಿಸುವುದಕ್ಕೆ ಹೇಳಿ ಮಾಡಿಸಿದಂಥ ದೇಶೀಯ ಛಂದಸ್ಸು ಅದು. ಕಥೆಯ ಚೌಕಟ್ಟು ಮಾತ್ರ ಸಂಸ್ಕೃತದಲ್ಲಿ ‘ಕ್ಷತ್ರಚೂಡಾಮಣಿ’ಯನ್ನು ಬರೆದ ವಾದೀಭಸಿಂಹನದು, ಇದೇ ಕಥೆ ತಮಿಳಿನಲ್ಲಿ ತಿರುತ್ತಕ್ಕದೇವರ ‘ಜೀವಕ ಚಿಂತಾಮಣಿ’ಯಾಗಿಯೂ ಪ್ರಸಿದ್ಧವಾಗಿದೆ. ಮಂತ್ರಿಯ ದ್ರೋಹದಿಂದ ರಾಜ್ಯ ಕಳೆದುಕೊಂಡ ಸತ್ಯಂಧರನ ಮಗ ಜೀವಂಧರ ಮಸಣದಲ್ಲಿ ಹುಟ್ಟಿ, ಗಂಧೋತ್ಕಟನೆಂಬ ವರ್ತಕನ ಮನೆಯಲ್ಲಿ ಬೆಳೆದು, ಕೊನೆಗೆ ತನ್ನ ರಾಜ್ಯವನ್ನು ಪಡೆದು, ಅದನ್ನೂ ತೊರೆದು ಮುಕ್ತಿಯ ಹಾದಿ ಹಿಡಿಯುವ ಕಥೆಯಿದು. ಈ ದೊಡ್ಡ ಕಥೆಯ ನಡುವೆ ಶ್ರೀದತ್ತನೆಂಬ ವರ್ತಕ ಬರುತ್ತಾನೆ. ಅವನಿಗೆ ಹಿರಿಯರಿಂದ ಬಂದ ಸಂಪತ್ತಿದೆ. ಆದರೂ ಕೂತು ಉಂಡರೆ ಬೆಟ್ಟವೂ ಕರಗುತ್ತದೆಂಬ ವಿವೇಕದಿಂದ, ಸ್ವಂತ ದುಡಿಮೆಯ ಧನ ಬೇಕೆಂಬ ಛಲದಿಂದ ಅವನು ಕಡಲಿಗಿಳಿಯುತ್ತಾನೆ. ದ್ವೀಪಾಂತರದಲ್ಲಿ ಗಳಿಸಿಕೊಂಡು ಮರಳುವಾಗ ಮಳೆ ಗಾಳಿಗಳೆದ್ದು ನಾವೆ ಮುಳುಗುವ ಸ್ಥಿತಿಗೆ ಬರುತ್ತದೆ. ಜೊತೆಯವರು ಗೋಳಿಡುತ್ತಾರೆ, ಶ್ರೀದತ್ತ ಕಂಗೆಡದೆ, ಆಪತ್ತಿಗೆ ಧೈರ್ಯವೇ ಮದ್ದು, ಅಳುವಿನಿಂದ ಏನೂ ಆಗದೆಂದು ಅವರಿಗೆ ತಿಳಿಹೇಳುತ್ತಾನೆ. ನಾವೆ ಮುಳುಗುತ್ತದೆ. ಅವನೊಬ್ಬ ಕೂವೆಮರದ ತುಂಡೊಂದನ್ನು ತಬ್ಬಿ ತೇಲಿ ದಡ ಸೇರುತ್ತಾನೆ. ಅಲ್ಲಿ ಎದುರಾದವನು ಒಬ್ಬ ವಿದ್ಯಾಧರ, ಅಂದರೆ ಆಕಾಶಗಮನ ಮೊದಲಾದ ವಿದ್ಯೆಗಳನ್ನು ಬಲ್ಲವರೆಂದು ಜೈನ ಪುರಾಣಗಳು ವರ್ಣಿಸುವ ಜನವರ್ಗಕ್ಕೆ ಸೇರಿದವನು. ಅವನು ಶ್ರೀದತ್ತನನ್ನು ತನ್ನ ಅರಸ ಗರುಡವೇಗನ ಬಳಿಗೆ ಕರೆದೊಯ್ದು, ನಾವೆ ಮುಳುಗಿದ್ದು ನಿಜವಲ್ಲವೆಂದೂ, ಅರಸನ ಕೆಲಸಕ್ಕಾಗಿ ಅವನನ್ನು ಇಲ್ಲಿಗೆ ತರಲು ಹೂಡಿದ ಮಾಯೆಯೆಂದೂ ತಿಳಿಸುತ್ತಾನೆ. ಆ ಕೆಲಸವೆಂದರೆ ಅರಸನ ಮಗಳು ಗಂಧರ್ವದತ್ತೆಯನ್ನು ರಾಜಪುರಿಗೆ ಕರೆದೊಯ್ದು, ವೀಣೆಯಲ್ಲಿ ಅವಳನ್ನು ಗೆದ್ದವನಿಗೆ ಮದುವೆ ಮಾಡಿಕೊಡುವುದು. ಗೆದ್ದವನು ಜೀವಂಧರ. ಹೀಗೆ ಒಂದು ಹಡಗಿನ ನಾಶ ಒಂದು ಮದುವೆಯ ಪೀಠಿಕೆಯಾಗಿ ಮುಗಿದುಹೋಗುತ್ತದೆ.

ಇಲ್ಲಿ ಓದುಗನಿಗೆ ಎದುರಾಗುವ ತೊಡಕು ಸಾಮಾನ್ಯವಾದುದಲ್ಲ. ಕಾವ್ಯದೊಳಗಿನ ಘಟನೆಗಳೆಲ್ಲ ಕಲ್ಪಿತವೆಂದು ತಿಳಿದೂ ಓದುಗ ಅವುಗಳಿಗೆ ಕರಗುತ್ತಾನೆ. ಅದು ಎಲ್ಲ ಕಾವ್ಯಕ್ಕೂ ಸಮಾನವಾದ ವಿಷಯ. ಆದರೆ ಈ ನಾವೆ ಕಾವ್ಯದ ಒಳಗೂ ಮುಳುಗಲಿಲ್ಲ. ಅದಕ್ಕಾಗಿ ಹುಟ್ಟಿದ ಕನಿಕರವನ್ನು ಏನು ಮಾಡಬೇಕು? ಜೈನ ಸಂಪ್ರದಾಯದ ಓದು ಇದಕ್ಕೆ ಸಿದ್ಧ ಉತ್ತರ ಕೊಡುತ್ತದೆ: ಲೋಕದ ಕಷ್ಟವೆಲ್ಲ ಕರ್ಮದ ಪರಿಣಾಮ, ಧೃತಿಗೆಡದವನಿಗೆ ಅದು ಮಂಜಿನಂತೆ ಸರಿಯುತ್ತದೆ, ಶ್ರೀದತ್ತನ ಧೈರ್ಯಕ್ಕೆ ಸಿಕ್ಕ ಫಲವಿದು. ಈ ಉತ್ತರ ಕಾವ್ಯದ ಉದ್ದೇಶಕ್ಕೆ ನಿಷ್ಠವಾದದ್ದು, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅದು ಶ್ರೀದತ್ತನೊಬ್ಬನ ಪ್ರಶ್ನೆಗೆ ಮಾತ್ರ ಉತ್ತರ. ಆ ನಾವೆಯಲ್ಲಿ ಅವನೊಬ್ಬನೇ ಇರಲಿಲ್ಲ. ಗೋಳಿಟ್ಟವರಿದ್ದರು, ಹಾಯಿ ಬಿಚ್ಚಿ ಕಟ್ಟುವವರಿದ್ದರು, ಚುಕ್ಕಾಣಿ ಹಿಡಿದವನಿದ್ದನು. ನಾವೆ ಮುಳುಗಿದ್ದು ಮಾಯೆಯೆಂದೇ ಇಟ್ಟುಕೊಂಡರೂ ಅವರ ಭಯ ಮಾಯೆಯಾಗಿರಲಿಲ್ಲ. ಆ ಗಳಿಗೆಯಲ್ಲಿ ಅವರು ಪಟ್ಟ ಪಾಡು ಅಪ್ಪಟ ಪಾಡೇ. ವಿದ್ಯಾಧರರ ಅರಸನೊಬ್ಬ ತನ್ನ ಮಗಳ ಮದುವೆಯ ಅನುಕೂಲಕ್ಕಾಗಿ ಒಂದು ಹಡಗಿನ ಜನರಿಗೆಲ್ಲ ಸಾವಿನ ಮುಖ ತೋರಿಸಿದನು ಎಂಬುದು ಕಥೆಯಲ್ಲೇ ಇರುವ ಸಂಗತಿ. ಆದರೆ ಕಥೆ ಅದನ್ನು ಒಂದು ಸಂಗತಿಯೆಂದು ಲೆಕ್ಕಕ್ಕೆ ಹಿಡಿದಿಲ್ಲ.

ಈ ಲೆಕ್ಕದ ಕೊರತೆಯನ್ನು ಯಾರು ಮೊದಲು ಗಮನಿಸುತ್ತಾರೆ ಎಂಬುದರ ಮೇಲೆ ವೈಯಕ್ತಿಕ ಪ್ರತಿಸ್ಪಂದನದ ಬೆಲೆ ನಿಂತಿದೆ. ಆದರೆ ಅದಕ್ಕೆ ಮುಂಚೆ, ಇಂಥ ಪ್ರತಿಸ್ಪಂದನವನ್ನೇ ಸಂಶಯದಿಂದ ನೋಡುವ ಒಂದು ಗಂಭೀರವಾದ ವಾದವನ್ನು ಎದುರಿಸಬೇಕಾಗುತ್ತದೆ. ಕ್ರಿ.ಶ. 1000ದ ಆಸುಪಾಸಿನಲ್ಲಿ ಕಾಶ್ಮೀರದಲ್ಲಿದ್ದ ಅಭಿನವಗುಪ್ತನು ರಸಾನುಭವಕ್ಕೆ ಏಳು ವಿಘ್ನಗಳನ್ನು ಹೇಳಿದ್ದಾನೆ. ರಸವೆಂದರೆ ಕಾವ್ಯ ನಾಟಕಗಳಿಂದ ಸಹೃದಯನಲ್ಲಿ ಉಂಟಾಗುವ ಆಸ್ವಾದರೂಪದ ಅನುಭವ. ಸಹೃದಯನೆಂದರೆ ಕಾವ್ಯಾಭ್ಯಾಸದಿಂದ ತಿಳಿಯಾದ ಮನಸ್ಸುಳ್ಳವನು, ವರ್ಣಿತವಾದದ್ದರಲ್ಲಿ ತನ್ಮಯನಾಗಬಲ್ಲವನು. ಈ ಅನುಭವವನ್ನು ಕೆಡಿಸುವ ವಿಘ್ನಗಳಲ್ಲಿ ಎರಡು ಇಲ್ಲಿ ನೇರವಾಗಿ ಅನ್ವಯಿಸುತ್ತವೆ. ಕಾವ್ಯದ ಭಾವವನ್ನು ‘ನನ್ನದು’ ಅಥವಾ ‘ಇನ್ನೊಬ್ಬನದು’ ಎಂದು ಒಂದು ದೇಶಕ್ಕೂ ಕಾಲಕ್ಕೂ ಕಟ್ಟಿಹಾಕುವುದು ಒಂದು. ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿ ಕಾವ್ಯದತ್ತ ಚಿತ್ತ ಕೊಡಲಾರದೆ ಹೋಗುವುದು ಇನ್ನೊಂದು. ಭಟ್ಟನಾಯಕನಿಂದ ಬಂದ ಸಾಧಾರಣೀಕರಣವೆಂಬ ಪರಿಕಲ್ಪನೆಯೂ ಇದನ್ನೇ ಹೇಳುತ್ತದೆ: ಕಾವ್ಯದಲ್ಲಿ ಭಾವಗಳು ಯಾರೊಬ್ಬರವೂ ಆಗದೆ ಎಲ್ಲರವೂ ಆಗುತ್ತವೆ. ತೀನಂಶ್ರೀಯವರು ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಈ ಪರಂಪರೆಯನ್ನೆಲ್ಲ ಕನ್ನಡಕ್ಕೆ ವಿಶದವಾಗಿ ತಂದ ಮೇಲೆ, ಅದರ ತೂಕವನ್ನು ಅರಿಯದೆ ‘ನನಗೆ ಹೀಗನ್ನಿಸಿತು’ ಎಂಬಷ್ಟರಲ್ಲೇ ನಿಲ್ಲುವ ಬರಹಕ್ಕೆ ಕನ್ನಡದಲ್ಲಿ ಸಮರ್ಥನೆಯಿಲ್ಲ.

ಹಾಗಾದರೆ ಬೆಳೆ ಕಳೆದುಕೊಂಡ ಕಲ್ಯಾಣದುರ್ಗದ ರೈತನ ಮನೆಯ ಓದುಗ, ಶ್ರೀದತ್ತನ ನಾವೆಯಲ್ಲಿ ತನ್ನ ಹೊಲವನ್ನು ಕಂಡರೆ ಅದು ರಸವಿಘ್ನವೇ? ಆ ಊರಿರುವ ಅನಂತಪುರ ಜಿಲ್ಲೆಯ ಕೆಂಪು ಮಣ್ಣಿನಲ್ಲಿ ಕಡಲೆಕಾಯಿ ಮುಖ್ಯ ಮಳೆಯಾಶ್ರಿತ ಬೆಳೆ. ಬಿತ್ತನೆಗೆ ಸಾಲದ ಹಣ ಹೋಗಿರುತ್ತದೆ, ಗಿಡ ಹಸನಾಗಿ ಬಂದಿರುತ್ತದೆ, ಹೂವಿನ ಬುಡದ ಮೊಳೆ ಮಣ್ಣಿಗಿಳಿದು ಕಾಯಿ ಕಟ್ಟುವ ಹೊತ್ತಿಗೆ ಮಳೆ ನಿಂತುಬಿಡುತ್ತದೆ. ಆರಂಭದಲ್ಲೇ ಕೆಟ್ಟಿದ್ದರೆ ನಷ್ಟ ಇಷ್ಟಾಗುತ್ತಿರಲಿಲ್ಲ. ಗಳಿಕೆ ಕಣ್ಣೆದುರಿಗೆ ಬಂದು ಮನೆ ಮುಟ್ಟುವ ಮುನ್ನ ಹೋಗುವುದೇ ಇದರ ಕ್ರೌರ್ಯ. ಶ್ರೀದತ್ತನ ನಾವೆಯೂ ಹೊರಡುವಾಗ ಮುಳುಗಲಿಲ್ಲ, ಗಳಿಸಿ ಮರಳುವಾಗ ಮುಳುಗಿತು. ಈ ಹೋಲಿಕೆಯನ್ನು ಕಂಡ ಓದುಗ ತನ್ನ ದುಃಖಕ್ಕೆ ವಶನಾಗಿ ಕಾವ್ಯವನ್ನು ಬಿಟ್ಟುಹೋದವನಲ್ಲ. ಕಾವ್ಯದ ಒಂದು ವಿವರ, ಅಂದರೆ ಮರುಪ್ರಯಾಣದಲ್ಲಿಯೇ ಆಪತ್ತು ಬಂದಿತೆಂಬ ವಿವರ, ಏಕೆ ಮುಖ್ಯವೆಂಬುದನ್ನು ಅವನು ಕಂಡುಹಿಡಿದವನು. ಕಡಲ ಪ್ರಯಾಣ ಮಾಡಿದವನಿಗೆ ಹೋಗುವಾಗಿನ ಬಿರುಗಾಳಿಯೂ ಬರುವಾಗಿನ ಬಿರುಗಾಳಿಯೂ ಒಂದೇ ಆಗಿರಬಹುದು. ಸಾಲ ಮಾಡಿ ಬಿತ್ತಿದವನಿಗೆ ಅವೆರಡೂ ಒಂದಲ್ಲ.

ಅಭಿನವಗುಪ್ತನ ಮಾತಿಗೂ ಈ ಓದಿಗೂ ವಿರೋಧವಿಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ವಾಸನೆಯಿಲ್ಲದವನಿಗೆ ರಸಾಸ್ವಾದವಿಲ್ಲವೆಂದು ಹೇಳಿದ ಪರಂಪರೆಯೂ ಅದೇ. ವಾಸನೆಯೆಂದರೆ ಬಾಳಿನಲ್ಲಿ ಪಟ್ಟ ಅನುಭವಗಳು ಮನಸ್ಸಿನಾಳದಲ್ಲಿ ಬಿಟ್ಟುಹೋದ ಸಂಸ್ಕಾರ. ಅಳಿದುಳಿದ ಈ ಸಂಸ್ಕಾರವೇ ಕಾವ್ಯದ ವಿಭಾವಗಳನ್ನು, ಅಂದರೆ ಭಾವಕ್ಕೆ ಕಾರಣವಾಗುವ ಪಾತ್ರ ಸನ್ನಿವೇಶಗಳನ್ನು, ಕಂಡಾಗ ಎಚ್ಚರಗೊಳ್ಳುತ್ತದೆ. ಒಣನಾಡಿನವನ ವಾಸನೆ ಕಡಲಿನದಲ್ಲ, ಕೈಗೆ ಬಂದದ್ದು ಬಾಯಿಗೆ ಬಾರದೆ ಹೋದುದರದು. ಆ ವಾಸನೆಗೆ ಕಾವ್ಯದ ಬಾಗಿಲು ಮುಚ್ಚಿಲ್ಲ. ವಿಘ್ನವಾಗುವುದು ಯಾವಾಗ ಎಂದರೆ, ಓದುಗ ತನ್ನ ಬರಗಾಲವನ್ನೇ ಹೇಳುತ್ತ ಹೋಗಿ ಶ್ರೀದತ್ತನ ಕಡೆಗೆ ಮತ್ತೆ ತಿರುಗದಿದ್ದಾಗ. ಆದ್ದರಿಂದ ವೈಯಕ್ತಿಕ ಪ್ರತಿಸ್ಪಂದನಕ್ಕೆ ಒಂದೇ ಪರೀಕ್ಷೆ ಸಾಕು: ಅದು ಓದುಗನನ್ನು ಕವಿತೆಯ ಯಾವ ವಿವರಕ್ಕೆ ಹಿಂದಿರುಗಿಸಿತು? ಯಾವ ವಿವರಕ್ಕೂ ಹಿಂದಿರುಗಿಸದಿದ್ದರೆ ಅದು ಆತ್ಮಕಥನ, ವಿಮರ್ಶೆಯಲ್ಲ.

ಒಳನಾಡಿನ ಓದುಗನಿಗೆ ನಿಜವಾದ ಅಪಾಯವಿರುವುದು ಅವನ ಸ್ವಂತ ಅನುಭವದಲ್ಲಿ ಅಲ್ಲ, ಎರವಲು ಪಡೆದ ಒಂದು ರೂಪಕದಲ್ಲಿ. ಕಡಲನ್ನು ನೋಡದಿದ್ದರೂ ಕನ್ನಡಿಗರು ಅದನ್ನು ‘ಭವಸಾಗರ’ವಾಗಿ ಬಾಲ್ಯದಿಂದಲೇ ಬಲ್ಲರು. ತೂತುಬಿದ್ದ ಹರಿಗೋಲನ್ನೂ ದಾಟಿಸುವ ಅಂಬಿಗನನ್ನೂ ಕುರಿತ ಪುರಂದರದಾಸರ ಪದ ಹಿಂದೂಪುರದ ಭಜನೆಯಲ್ಲೂ ಕೇಳಿಸುತ್ತದೆ, ಉಡುಪಿಯಲ್ಲೂ ಕೇಳಿಸುತ್ತದೆ. ಅಂಬಿಗರ ಚೌಡಯ್ಯನಂಥ ವಚನಕಾರನಿಗೆ ದೋಣಿ ಕಸುಬಿನ ಸಾಮಗ್ರಿಯಾಗಿತ್ತು. ಅನಂತರದ ಶತಮಾನಗಳಲ್ಲಿ ಅದು ಬಹುತೇಕ ಅಧ್ಯಾತ್ಮದ ಸಾಮಗ್ರಿಯಾಗಿಯೇ ಉಳಿಯಿತು. ಈ ರೂಪಕದ ಬೆಲೆಯನ್ನು ಅಲ್ಲಗಳೆಯುವ ಅಗತ್ಯವಿಲ್ಲ, ಆದರೆ ಅದು ಎಷ್ಟು ಸುಲಭವಾಗಿ ನಾಲಗೆಗೆ ಬರುತ್ತದೆಯೆಂದರೆ, ಯಾವ ಕವಿತೆಯ ಹಡಗು ಮುಳುಗಿದರೂ ಓದುಗ ‘ಸಂಸಾರವೇ ಹೀಗೆ’ ಎಂದು ಪುಸ್ತಕ ಮುಚ್ಚಬಹುದು. ಕೇಂಬ್ರಿಜ್‌ನಲ್ಲಿ ಕವಿಯ ಹೆಸರು ಹೇಳದೆ ಕವಿತೆಗಳನ್ನು ಕೊಟ್ಟು ವಿದ್ಯಾರ್ಥಿಗಳ ಪ್ರತಿಕ್ರಿಯೆಗಳನ್ನು ಸಂಗ್ರಹಿಸಿ, 1929ರಲ್ಲಿ ಅವುಗಳ ವಿಶ್ಲೇಷಣೆಯನ್ನು ಪ್ರಕಟಿಸಿದ ಐ. ಎ. ರಿಚರ್ಡ್ಸ್, ಕವಿತೆ ಓದುವ ಮೊದಲೇ ಓದುಗನಲ್ಲಿ ತಯಾರಾಗಿ ಕೂತಿರುವ ಇಂಥ ಅನಿಸಿಕೆಗಳನ್ನು ಸಿದ್ಧ ಪ್ರತಿಕ್ರಿಯೆಗಳೆಂದು ಕರೆದು, ಅವು ಓದಿನ ದೊಡ್ಡ ಶತ್ರುಗಳಲ್ಲೊಂದೆಂದು ತೋರಿಸಿದನು. ಭವಸಾಗರವೆಂಬ ಸಿದ್ಧ ಪ್ರತಿಕ್ರಿಯೆಯಲ್ಲಿ ನೀರಿಗೆ ಉಪ್ಪಿಲ್ಲ, ಮರಕ್ಕೆ ಭಾರವಿಲ್ಲ, ಮುಳುಗಿದವರಿಗೆ ಮನೆಮಠಗಳಿಲ್ಲ. ಕರಾವಳಿಯ ಜನರಿಗೆ ಈ ಅಪಾಯ ಕಡಿಮೆ. 1888ರಲ್ಲಿ ಕಚ್ಛದ ಮಾಂಡವಿಯಿಂದ ಮುಂಬಯಿಗೆ ಹೊರಟ ‘ವೈತರಣಾ’ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ಕಾಣದಾದಾಗ, ಗುಜರಾತಿನ ಜನ ಅದನ್ನು ‘ವಿಜಳಿ’ ಎಂದು ಕರೆದು, ಅದರ ಕಪ್ತಾನನ ಹೆಸರನ್ನೂ ಅದರಲ್ಲಿದ್ದ ಮದುವೆಯ ದಿಬ್ಬಣಗಳನ್ನೂ ಹಾಡಿನಲ್ಲಿ ಉಳಿಸಿಕೊಂಡರು. ಅಲ್ಲಿ ಹಡಗು ರೂಪಕವಾಗುವುದಕ್ಕೆ ಬಿಡುವೇ ಇರಲಿಲ್ಲ.

ಆದರೆ ಒಳನಾಡಿಗೂ ಕಡಲ ನಷ್ಟದ ಲೆಕ್ಕ ತಿಳಿಯದೆ ಇರಲಿಲ್ಲವೆಂಬುದಕ್ಕೆ ಇತಿಹಾಸದಲ್ಲಿ ಗಟ್ಟಿಯಾದ ಸಾಕ್ಷ್ಯಗಳಿವೆ. ಕಾಕತೀಯ ಗಣಪತಿದೇವ 1244ರ ಸುಮಾರಿಗೆ ಆಂಧ್ರ ತೀರದ ಮೋಟುಪಲ್ಲಿ ರೇವಿನಲ್ಲಿ ಹಾಕಿಸಿದ ಅಭಯಶಾಸನ ಪ್ರಸಿದ್ಧವಾದುದು. ಬಿರುಗಾಳಿಗೆ ಸಿಕ್ಕಿ ಒಡೆದು ದಡಕ್ಕೆ ಬಿದ್ದ ಹಡಗುಗಳ ಚಿನ್ನ, ಆನೆ, ಕುದುರೆ, ರತ್ನಗಳನ್ನೆಲ್ಲ ಹಿಂದಿನ ಅರಸರು ಬಲವಂತವಾಗಿ ಕಸಿಯುತ್ತಿದ್ದರೆಂದೂ, ಪ್ರಾಣಕ್ಕಿಂತ ಧನ ದೊಡ್ಡದೆಂದು ತಿಳಿದು ಕಡಲ ಅಪಾಯಕ್ಕೆ ಒಡ್ಡಿಕೊಂಡ ವರ್ತಕರಿಗೆ ತಾನು ಗೊತ್ತಾದ ಸುಂಕವನ್ನುಳಿದು ಮಿಕ್ಕದ್ದನ್ನೆಲ್ಲ ಕರುಣೆಯಿಂದ ಬಿಟ್ಟುಕೊಡುತ್ತೇನೆಂದೂ ಆ ಅರಸ ಅದರಲ್ಲಿ ಸಾರಿದ್ದಾನೆ. ಅವನ ರಾಜಧಾನಿ ಓರುಗಲ್ಲು ಕಡಲಿನಿಂದ ಬಹುದೂರದ ಒಳನಾಡಿನಲ್ಲಿತ್ತು. ಎರಡೂವರೆ ಶತಮಾನದ ಬಳಿಕ ವಿಜಯನಗರದ ಸಾಳುವ ನರಸಿಂಹ ಹೊರ್ಮುಜ್ ಮತ್ತು ಏಡನ್‌ಗಳಿಂದ ಕುದುರೆಗಳನ್ನು ತರಿಸುತ್ತಿದ್ದಾಗ, ದಾರಿಯಲ್ಲಿ ಕಡಲಲ್ಲೇ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಕು, ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದು ಪೋರ್ತುಗೀಜ ವರ್ತಕ ನೂನಿಜ್ ಬರೆದಿಟ್ಟಿದ್ದಾನೆ. ಭಾಸ್ಕರನ ಕಾವ್ಯ ಹುಟ್ಟಿದ್ದು ಈ ಎರಡು ಘಟನೆಗಳ ನಡುವಿನ ಕಾಲದಲ್ಲಿ, ಕುದುರೆಯಿಲ್ಲದೆ ಸೈನ್ಯವಿಲ್ಲ, ಹಡಗಿಲ್ಲದೆ ಕುದುರೆಯಿಲ್ಲ ಎಂಬಂಥ ರಾಜ್ಯದ ದುರ್ಗದಲ್ಲಿ. ಅವನ ಶ್ರೋತೃಗಳಿಗೆ ಕಡಲು ಕಣ್ಣಿಗೆ ಬೀಳದಿದ್ದರೂ, ಕಡಲಿನಲ್ಲಿ ಮುಳುಗಿದ್ದಕ್ಕೆ ಬೆಲೆ ಕಟ್ಟುವ ಲೋಕದಲ್ಲೇ ಅವರು ಬದುಕಿದ್ದರು.

ಈ ಸಾಕ್ಷ್ಯಗಳು ಇನ್ನೊಂದನ್ನೂ ತೋರಿಸುತ್ತವೆ. ಶಾಸನದಲ್ಲಿ ವರ್ತಕನ ಸರಕಿಗೆ ಅಭಯ ಸಿಕ್ಕಿತು. ನೂನಿಜ್‌ನ ಬರಹದಲ್ಲಿ ಸತ್ತ ಕುದುರೆಯ ಬಾಲಕ್ಕೂ ಬೆಲೆ ಬಂತು. ಹಡಗು ನಡೆಸಿದವರೂ ಕುದುರೆ ಕಾದವರೂ ಎರಡು ಕಡೆಯೂ ಕಾಣಿಸುವುದಿಲ್ಲ. ಕಾವ್ಯದಲ್ಲಿ ಶ್ರೀದತ್ತನ ಜೊತೆಯವರಿಗೆ ಆದದ್ದೂ ಇದೇ. ಯಾರ ನಷ್ಟವನ್ನು ನಷ್ಟವೆಂದು ಎಣಿಸಬೇಕು ಎಂಬ ಬಗ್ಗೆ ಆ ಕಾಲದ ಅರಸು, ವ್ಯಾಪಾರ, ಕಾವ್ಯ ಮೂರಕ್ಕೂ ಒಂದು ಒಪ್ಪಂದವಿದ್ದಂತೆ ತೋರುತ್ತದೆ, ಮತ್ತು ಆ ಒಪ್ಪಂದದ ಹೊರಗೆ ನಿಂತವನೇ ಅದನ್ನು ಗುರುತಿಸಬಲ್ಲನು. ಬರಗಾಲ ಬಂದಾಗ ಊರು ಬಿಟ್ಟು ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ ಹೋಗುವ ಜನ ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗಗಳ ಹಳ್ಳಿಗಳಲ್ಲಿ ಬಹಳ. ಅಂಥ ಮನೆಯಿಂದ ಬಂದ ಓದುಗನಿಗೆ ‘ಉಳಿದವರು ಏನಾದರು?’ ಎಂಬ ಪ್ರಶ್ನೆಯನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ.

ಆಧುನಿಕ ಕನ್ನಡದಲ್ಲಿ ನೀರಿನ ದುರಂತವನ್ನು ಹೇಳುವ ಅತ್ಯಂತ ಪರಿಚಿತವಾದ ಪದ್ಯವೆಂದರೆ ಬಿ.ಎಂ.ಶ್ರೀಯವರ ‘ಕಾರಿಹೆಗ್ಗಡೆಯ ಮಗಳು’. 1921ರಲ್ಲಿ ಮೊದಲು ಬಂದು 1926ರಲ್ಲಿ ವಿಸ್ತಾರಗೊಂಡ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿರುವ ಇದರ ಮೂಲ ಸ್ಕಾಟ್ಲೆಂಡಿನ ಕವಿ ಥಾಮಸ್ ಕ್ಯಾಂಪ್‌ಬೆಲ್ 1809ರಲ್ಲಿ ಪ್ರಕಟಿಸಿದ ‘ಲಾರ್ಡ್ ಅಲಿನ್ಸ್ ಡಾಟರ್’. ತಂದೆಯ ಇಚ್ಛೆಗೆ ವಿರುದ್ಧವಾಗಿ ಪ್ರಿಯನೊಡನೆ ಓಡಿಬಂದ ಹೆಣ್ಣು, ಬೆನ್ನಟ್ಟಿ ಬರುವ ಸವಾರರು, ಬಿರುಗಾಳಿಯ ರಾತ್ರಿ, ದಾಟಿಸಲು ಒಪ್ಪುವ ಅಂಬಿಗ, ನಡುನೀರಿನಲ್ಲಿ ಮುಳುಗುವ ದೋಣಿ, ದಡದ ಮೇಲೆ ಕೋಪ ಕರಗಿ ಗೋಳಿಡುವ ತಂದೆ. ಇಲ್ಲಿ ಮಾಯೆಯ ಸಮಾಧಾನವಿಲ್ಲ. ಕ್ಷಮೆ ಬಂದಿತು, ಆದರೆ ತಡವಾಗಿ ಬಂದಿತು, ಬಂದ ಕ್ಷಮೆಗೆ ದೋಣಿಯನ್ನು ತಿರುಗಿಸುವ ಶಕ್ತಿಯಿರಲಿಲ್ಲ; ಪದ್ಯದ ನೋವೆಲ್ಲ ಈ ವಿಳಂಬದಲ್ಲಿದೆ. ಬಿ.ಎಂ.ಶ್ರೀ ಸ್ಕಾಟ್ಲೆಂಡಿನ ಸರದಾರರನ್ನು ಗೌಡ, ಹೆಗ್ಗಡೆಗಳಾಗಿಸಿ ಕಥೆಯನ್ನು ಕನ್ನಡ ನೆಲಕ್ಕೆ ತಂದು ನಿಲ್ಲಿಸಿದ್ದರಿಂದ, ಈ ಪದ್ಯ ಹಳ್ಳಿಯ ಶಾಲೆಯ ಮಕ್ಕಳಿಗೆ ಹೊರದೇಶದ್ದೆನ್ನಿಸದೆ ಬಾಯಿಪಾಠವಾಯಿತು. ಜಾತಿ ಅಂತಸ್ತುಗಳ ಹೆಸರಿನಲ್ಲಿ ಮಕ್ಕಳ ಮದುವೆಯನ್ನು ತಡೆಯುವ ಮನೆಗಳು ಇರುವತನಕ ಅದು ಕನ್ನಡದ್ದಾಗಿಯೇ ಇರುತ್ತದೆ.

ಆದರೂ ಇಲ್ಲಿಯೂ ಒಂದು ಸಾವು ಲೆಕ್ಕಕ್ಕೆ ಬಂದಿಲ್ಲ. ಹಣದಾಸೆಗಲ್ಲ, ಆ ಹೆಣ್ಣಿನ ಮೇಲಿನ ಮರುಕಕ್ಕೆ ದೋಣಿ ಬಿಡುತ್ತೇನೆಂದು ಹೊರಟವನು ಅಂಬಿಗ. ಪದ್ಯದಲ್ಲಿ ಸ್ವಾರ್ಥದ ಸೋಂಕಿಲ್ಲದೆ ಪ್ರಾಣ ಪಣಕ್ಕಿಟ್ಟವನು ಅವನೊಬ್ಬನೇ. ದೋಣಿ ಮುಳುಗಿದ ಮೇಲೆ ತಂದೆ ಮಗಳಿಗಾಗಿ ಅಳುತ್ತಾನೆ, ಓದುಗ ಪ್ರೇಮಿಗಳಿಬ್ಬರಿಗಾಗಿ ಅಳುತ್ತಾನೆ, ಅಂಬಿಗನಿಗಾಗಿ ಅಳುವವರು ಪದ್ಯದಲ್ಲಿಲ್ಲ. ತರಗತಿಗಳಲ್ಲಿ ಈ ಪದ್ಯ ಸಾಮಾನ್ಯವಾಗಿ ಪ್ರೇಮದ, ಇಲ್ಲವೇ ತಂದೆಯ ಪಶ್ಚಾತ್ತಾಪದ ಪಾಠವಾಗಿ ಮುಗಿಯುತ್ತದೆ. ಅಂಬಿಗನ ಔದಾರ್ಯವನ್ನು ಹೊಗಳಿದರೂ ಅವನ ಸಾವನ್ನು ಯಾರೂ ಕೇಳುವುದಿಲ್ಲ. ಇದು ಬಿ.ಎಂ.ಶ್ರೀಯವರ ದೋಷವಲ್ಲ, ಕ್ಯಾಂಪ್‌ಬೆಲ್ಲನದೂ ಅಲ್ಲವೆನ್ನಬಹುದು, ಏಕೆಂದರೆ ಅಂಬಿಗನ ಮಾತಿಗೆ ಅಷ್ಟು ಘನತೆ ಕೊಟ್ಟವರೂ ಅವರೇ. ಕವಿತೆ ಅವನನ್ನು ಎತ್ತಿ ನಿಲ್ಲಿಸಿದೆ; ಅವನನ್ನು ಕೊನೆಯವರೆಗೆ ನೆನಪಿಡುವ ಹೊಣೆ ಓದುಗನ ಪಾಲಿಗೆ ಬಂದಿದೆ.

ಲೆಕ್ಕಕ್ಕೆ ಬಾರದವನನ್ನು ಕಾಣುವ ಶಕ್ತಿ ಹಡಗಿನ ದುರಂತದ ಕಾವ್ಯಕ್ಕೇ ಇಲ್ಲವೆಂದು ಇದರಿಂದ ತೀರ್ಮಾನಿಸಬಾರದು. 1875ರ ಡಿಸೆಂಬರಿನಲ್ಲಿ ಬ್ರೆಮನ್‌ನಿಂದ ನ್ಯೂಯಾರ್ಕಿಗೆ ಹೊರಟ ‘ಡಾಯ್ಚ್‌ಲ್ಯಾಂಡ್’ ಹಡಗು ಥೇಮ್ಸ್ ನದಿಯ ಮುಖದ ಬಳಿ ಮರಳುದಿಬ್ಬಕ್ಕೆ ಸಿಕ್ಕಿ ಒಡೆದು, ದೇಶಭ್ರಷ್ಟರಾಗಿದ್ದ ಐವರು ಫ್ರಾನ್ಸಿಸ್ಕನ್ ಸನ್ಯಾಸಿನಿಯರು ಸೇರಿ ಅನೇಕರು ಸತ್ತಾಗ, ವೇಲ್ಸ್‌ನ ಗುಡ್ಡಗಾಡಿನ ಮಠವೊಂದರಲ್ಲಿ ದೇವತಾಶಾಸ್ತ್ರ ಓದುತ್ತಿದ್ದ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ ಪತ್ರಿಕೆಗಳ ವರದಿ ಓದಿಯೇ ಆ ಕುರಿತು ತನ್ನ ದೀರ್ಘ ಕವಿತೆಯನ್ನು ರಚಿಸಿದನು. ಅದು ಅಚ್ಚಾದದ್ದು ಅವನು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1918ರಲ್ಲಿ. ಕವಿತೆಯ ಮೊದಲ ಭಾಗವೆಲ್ಲ ಅವನ ಸ್ವಂತ ಆತ್ಮದ ಹೋರಾಟ, ಅಂದರೆ ಶುದ್ಧ ವೈಯಕ್ತಿಕ ಪ್ರತಿಸ್ಪಂದನ. ಅವನ ಕಣ್ಣು ನೆಟ್ಟದ್ದು ಸನ್ಯಾಸಿನಿಯರ ಮೇಲೆಯೇ. ಹಾಗಿದ್ದೂ ಕೆಳಗಿನ ಹೆಂಗಸರನ್ನು ಕಾಪಾಡಲು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಒಂದೇ ಹೊಡೆತಕ್ಕೆ ಸತ್ತ ಹೆಸರಿಲ್ಲದ ನಾವಿಕನೊಬ್ಬನಿಗೆ ಅವನು ಒಂದು ಇಡೀ ಪದ್ಯವನ್ನು ಮೀಸಲಿಟ್ಟನು. ದೂರದಲ್ಲಿದ್ದದ್ದಾಗಲಿ, ತನ್ನ ಬಾಳಿನ ಮೂಲಕ ಆ ದುರಂತವನ್ನು ಕಂಡದ್ದಾಗಲಿ ಅವನ ಕಣ್ಣನ್ನು ಮಂಕುಮಾಡಲಿಲ್ಲ.

ಇಂಥ ಕಣ್ಣು ತಾನಾಗಿ ಬರುವುದಿಲ್ಲವೆಂಬುದಕ್ಕೆ ಕಲ್ಯಾಣದುರ್ಗದ ಸೀಮೆಯೇ ಒಂದು ದೊಡ್ಡ ನಿದರ್ಶನವನ್ನು ಕೊಟ್ಟಿದೆ. ಕಂಬದೂರು ಬಳಿಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಕಲಿಸಿದರು; ಬಿ.ಎಂ.ಶ್ರೀ ಇಂಗ್ಲಿಷ್ ಕಲಿಸಿದ್ದೂ ಅದೇ ಕಾಲೇಜಿನಲ್ಲಿ. ಪ್ರಾಕೃತದ ಗಾಥಾಸಪ್ತಶತಿಯ ಪದ್ಯಗಳನ್ನು ಆರಿಸಿ ತೆಲುಗಿಗೆ ತಂದರು, ವೇಮನನನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟರು, ಕನ್ನಡದಲ್ಲಿ ‘ಗಾನಕಲೆ’ಯನ್ನು ಬರೆದರು, ತಿರುಪತಿಯಲ್ಲಿ ಅನ್ನಮಾಚಾರ್ಯರ ಕೀರ್ತನೆಗಳಿಗೆ ಸ್ವರ ಹಾಕಿದರು. ಒಣನೆಲದ ಒಂದು ಸಣ್ಣ ಊರಿನ ಮನೆಮಾತನ್ನೂ ಸಂಸ್ಕೃತ ಪ್ರಾಕೃತಗಳ ಪಾಂಡಿತ್ಯವನ್ನೂ ಕನ್ನಡ ಊರಿನ ಬಾಳನ್ನೂ ಒಟ್ಟಿಗೆ ಹೊತ್ತ ಇಂಥ ರಸಿಕತೆಯಲ್ಲಿ ಸ್ವಂತದ್ದು ಯಾವುದು, ಅಭ್ಯಾಸದ್ದು ಯಾವುದು ಎಂದು ಬೇರ್ಪಡಿಸುವುದು ಸಾಧ್ಯವಿಲ್ಲ. ವೈಯಕ್ತಿಕ ಪ್ರತಿಸ್ಪಂದನವೆಂದರೆ ಓದದೆ ಬಂದ ಅನಿಸಿಕೆಯೆಂದು ತಿಳಿದವರು ಈ ಬಗೆಯ ವಿದ್ವಾಂಸರ ಬಾಳನ್ನು ನೋಡಬೇಕು.

ಗಡಿಯ ಈ ಊರುಗಳಲ್ಲಿ ಕನ್ನಡ ಇಂದಿಗೂ ಮನೆಯ ಮಾತು, ಶಾಲೆಯ ಮಾತು. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಬಹುಪಾಲು ಮೈಸೂರಿಗೆ ಸೇರಿ ರಾಯದುರ್ಗ ಆಂಧ್ರದಲ್ಲೇ ಉಳಿಯಿತು; 2022ರಲ್ಲಿ ಹಿಂದೂಪುರ, ಪೆನುಗೊಂಡೆ, ಮಡಕಶಿರಾಗಳು ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಗಿ ಕಲ್ಯಾಣದುರ್ಗ, ರಾಯದುರ್ಗಗಳು ಅನಂತಪುರ ಜಿಲ್ಲೆಯಲ್ಲಿ ಉಳಿದವು. ಆಡಳಿತದ ಗೆರೆಗಳು ಹೀಗೆ ಬದಲಾದರೂ ಮಡಕಶಿರಾ, ಅಮರಾಪುರ, ಅಗಳಿ, ರೊಳ್ಳ, ರಾಯದುರ್ಗ, ಡಿ. ಹಿರೇಹಾಳಗಳ ಕಡೆ ಕನ್ನಡ ಮಾಧ್ಯಮದ ಶಾಲೆಗಳಿವೆ, ಅಲ್ಲಿ ಕನ್ನಡ ಪದ್ಯಗಳನ್ನು ಕಲಿಸುವ ಅಧ್ಯಾಪಕರಿದ್ದಾರೆ. ಪೆನುಗೊಂಡೆಯಲ್ಲಿ ಕನ್ನಡದಲ್ಲೊಂದು ಕಾವ್ಯ ಹುಟ್ಟಿತು, ಅದರಲ್ಲಿ ಕಡಲೂ ಹಡಗೂ ಇವೆ ಎಂಬ ಸಂಗತಿ ಈ ಮಕ್ಕಳಿಗೆ ತಿಳಿಯದೆ ಹೋದರೆ ಅದು ಅವರಿಗೆ ಮಾಡುವ ಅನ್ಯಾಯ. ಭಾಸ್ಕರನ ಕಾವ್ಯಕ್ಕೂ ಅನ್ಯಾಯ, ಏಕೆಂದರೆ ಅದನ್ನು ಪ್ರಶ್ನಿಸಿ ಓದಬಲ್ಲವರು ಅವರೇ. ಶಿಕ್ಷಕರು ಪರೀಕ್ಷೆಯಲ್ಲಿ ಪದ್ಯದ ಸಾರಾಂಶವನ್ನಷ್ಟೇ ಕೇಳದೆ, ಆ ನಾವೆಯಲ್ಲಿದ್ದ ಒಬ್ಬ ಹಾಯಿಗಾರನ ಕಡೆಯಿಂದ, ಕಾರಿಹೆಗ್ಗಡೆಯ ಮಗಳನ್ನು ದಾಟಿಸಲು ಹೊರಟ ಅಂಬಿಗನ ಮನೆಯವರ ಕಡೆಯಿಂದ ಬರೆಯಿರಿ ಎಂದು ಕೇಳಲಿ, ಬರೆದದ್ದನ್ನು ಪದ್ಯದ ಸಾಲುಗಳಿಗೆ ತಾಳೆ ನೋಡುವುದನ್ನೂ ಕಲಿಸಲಿ. ಆಂಧ್ರಪ್ರದೇಶದ ಕನ್ನಡ ಪಠ್ಯಪುಸ್ತಕಗಳನ್ನು ರೂಪಿಸುವವರು ‘ಜೀವಂಧರ ಚರಿತೆ’ಯ ನಾವೆಯ ಪ್ರಸಂಗವನ್ನು ಅವುಗಳಲ್ಲಿ ಸೇರಿಸಬೇಕು. ಆ ಕಾವ್ಯ ಮುಗಿದು 2024ಕ್ಕೆ ಆರುನೂರು ವರ್ಷಗಳಾದವು. ಅದು ಹುಟ್ಟಿದ ಸೀಮೆಯ ಶಾಲೆಗಳಿಗೆ ಅದನ್ನು ತಲುಪಿಸುವುದಕ್ಕೆ ಇನ್ನೂ ತಡಮಾಡಬಾರದು.